ಹಿಂದುಮುಂದಾದ ಡೇರೆ

ನನ್ನ ತುತ್ತೂರಿಯ ಸದ್ದು ಎಂಟೊಟೊ ಗುಡ್ಡದ ನೆತ್ತಿಗೆ ಬಡಿದು, ಅಲ್ಲಿನ ನೀಲಗಿರಿ ಮರಗಳ ಎಲೆ ಉದುರಿಸಿ ವಾಪಸು ಬರುತ್ತದೆ. ಅಡಿಸ್ ಅಬಾಬದ ನಮ್ಮ ಶಿರೋ ಮೆದಾದಲ್ಲಿ ಯಾರನ್ನಾದರೂ ಕೇಳಿ ನೋಡಿ. ಇಪ್ಪತ್ತಾರು ವರ್ಷಗಳಿಂದ ನಮ್ಮ ಕೇರಿಯ ಇದ್ದಿರ್‌ಗೆ ನಾನೇ ಸಾರುವವ. ಇದ್ದಿರ್ ಎಂದರೆ ಸತ್ತವರ ಮನೆಗೆ ಡೇರೆ, ಬೆಂಚು, ಹಂಡೆ, ಅಳುವ ಜನ ಎಲ್ಲವನ್ನೂ ಒಟ್ಟಿಗೆ ತಲುಪಿಸುವ ನಮ್ಮ ಸಂಘ. ಅದಕ್ಕೆ ಸೇರದವನು ಸತ್ತರೂ ಪೂರ್ತಿ ಸತ್ತ ಹಾಗಾಗುವುದಿಲ್ಲ. ಯಾರಾದರೂ ಹೋದರೆ ನಸುಕಿನಲ್ಲಿ ತುತ್ತೂರಿ ಊದುತ್ತ ಓಣಿ ಓಣಿ ಸುತ್ತಿ ಅವರ ಹೆಸರು ಸಾರುವುದು ನನ್ನ ಕೆಲಸ. ಇದುವರೆಗೆ ನಾಲ್ಕು ಸಾವಿರ ಸಾವು ಸಾರಿದ್ದೇನೆ. ಸಂಘದ ಮುಖ್ಯಸ್ಥ ಬಲ್ಚಾ ಮಾತ್ರ ಆರುನೂರು ದಾಟಿಲ್ಲ ಎನ್ನುತ್ತಿದ್ದರು. ಅವರು ಸತ್ತವರನ್ನಷ್ಟೇ ಎಣಿಸುತ್ತಿದ್ದರು; ನನ್ನ ದನಿ ಕೇಳಿ ಹಾಸಿಗೆ ಹಿಡಿದವರನ್ನೂ ನಾನು ಸೇರಿಸಿಕೊಳ್ಳುತ್ತೇನೆ.

ಹೀಗೆ ಸೇರಿಸುವ ಅಭ್ಯಾಸದಿಂದ ಒಬ್ಬ ಮನುಷ್ಯನ ಪ್ರಾಣ ಹೋಗುವುದರಲ್ಲಿತ್ತು. ಅದನ್ನು ಹೇಳುತ್ತೇನೆ.

ಅವನ ಹೆಸರು ಮೆಕುರಿಯಾ. ನಮ್ಮ ಇದ್ದಿರ್‌ನ ಡೇರೆ ಹೊಲಿದವನು ಅವನೇ. ಇಡೀ ಅಡಿಸ್ ಅಬಾಬದಲ್ಲಿ ಅಂಥ ಡೇರೆ ಇನ್ನೊಂದಿಲ್ಲ. ಅದರೊಳಗೆ ಕೂತು ಅತ್ತವರು ತಮ್ಮ ಮನೆಯಲ್ಲೂ ಇಷ್ಟು ಬೆಚ್ಚಗೆ ಅತ್ತಿಲ್ಲ ಎಂದದ್ದುಂಟು. ನಾನು, ಅವನು ಒಂದೇ ವಯಸ್ಸಿನವರು, ಆಗ ಐವತ್ತೆಂಟು. ಅವನಿಗೆ ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬುತ್ತಿದ್ದೆ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಹಳದಿಯಾದ. ಮೊದಲು ಕಣ್ಣು, ಆಮೇಲೆ ಅಂಗೈ, ಕೊನೆಗೆ ಮೈಯೆಲ್ಲ. ಮೆಸ್ಕೆಲ್ ಹಬ್ಬದ ಹಳದಿ ಹೂ ಗುಡ್ಡದಲ್ಲಿ ಅರಳುವ ಮುಂಚೆಯೇ ಇವನ ಮುಖದಲ್ಲಿ ಅರಳಿತ್ತು. ಜೇನುಹುಳುಗಳು ಅವನ ಹಿಂದೆ ಅಂಗಡಿಯವರೆಗೂ ಬರುತ್ತಿದ್ದವು. ತುರಿಕೆ ತಾಳಲಾರದೆ ಡೇರೆಯ ಗಳುವಿಗೆ ಬೆನ್ನು ಉಜ್ಜಿ ಉಜ್ಜಿ ಗಳುವೇ ಸವೆದುಹೋಯಿತು. ಹಕ್ಕಿಯ ರೋಗ ಎಂದರು ಎಲ್ಲರೂ. ಹಳದಿಯಾದವರಿಗೆ ನಾವು ಹೇಳುವುದು ಅದನ್ನೇ. ಬೇರು ಅರೆದು ಕೊಡುವ ಮುದುಕಿಯ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವಳ ಔಷಧಿ ಕುಡಿದವರು ಮೂರೇ ದಿನಕ್ಕೆ ಎದ್ದು ಓಡುತ್ತಾರೆ. ಮೆಕುರಿಯಾ ಓಡಿದ್ದು ಬಚ್ಚಲಿಗೆ.

ಅವನ ಮಗಳು ರೆದಿಯೆತ್ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳು ಯಾರನ್ನೂ ಕೇಳದೆ ಅಪ್ಪನನ್ನು ಕರೆದೊಯ್ದು ಸ್ಕ್ಯಾನ್ ಮಾಡಿಸಿದಳು. ಡಾಕ್ಟರು ಅವಳನ್ನೂ ತಾಯಿ ಅಸ್ಕಾಲೆಯನ್ನೂ ಪಕ್ಕದ ಕೋಣೆಗೆ ಕರೆದರು. ಮನೆಯ ಗಂಡಸು ಬೇಕೆಂದು ನಾನೂ ಹೋದೆ. ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಕ್ಯಾನ್ಸರ್ ಎಂದರು ಅವರು. ಹೆಚ್ಚಿನವರಲ್ಲಿ ಇದು ಸದ್ದಿಲ್ಲದೆ ಬೆಳೆದು, ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತದೆ. ಇವರಿಗೆ ಬೇಗ ಹಳದಿಯಾದದ್ದೇ ಅದೃಷ್ಟ, ಇನ್ನೂ ಕತ್ತರಿಸಬಹುದು ಎಂದರು. ಅದೃಷ್ಟ ಎಂಬ ಮಾತು ಕೇಳಿ ಅಸ್ಕಾಲೆ ಅಳತೊಡಗಿದಳು.

ರೋಗಿಗೆ ಇಂಥದ್ದನ್ನು ಹೇಳುವುದು ನಮ್ಮಲ್ಲಿಲ್ಲ. ಸಾವಿನ ಸುದ್ದಿಯನ್ನೇ ನಾವು ಒಬ್ಬೊಬ್ಬರಾಗಿ ಹೋಗಿ ಹೇಳುವುದಿಲ್ಲ. ದೂರದಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರಿಗೆ ಊಟ ಮಾಡಲು, ನಿದ್ದೆ ಮಾಡಲು ಬಿಟ್ಟು, ನಸುಕಿನಲ್ಲಿ ಹಿರಿಯರು ಗುಂಪಾಗಿ ಹೋಗಿ ಕೂತು ಹೇಳುತ್ತಾರೆ. ಬೆಳಗಿನ ಜಾವ ನಾಲ್ಕು ಜನ ಗಂಡಸರು ಬಾಗಿಲಿಗೆ ಬಂದರೆಂದರೆ ಬಾಯಿ ತೆರೆಯುವ ಮುಂಚೆಯೇ ಮನೆಯವರಿಗೆ ಗೊತ್ತಾಗುತ್ತದೆ. ಹಾಗಾಗಿ ಮೆಕುರಿಯಾನಿಗೆ ನಾವು ಹೇಳಿದ್ದು ಕಲ್ಲು ಎಂದು. ಹೊಟ್ಟೆಯಲ್ಲಿ ಕಲ್ಲಿದೆ, ತೆಗೆಯುತ್ತಾರೆ, ಅಷ್ಟೆ.

ಆಪರೇಷನ್ ಎಂಟು ಗಂಟೆ ನಡೆಯಿತು. ಓಣಿಯಲ್ಲಿ ನಾನು ಮೂರು ಹಗಲು ಮೂರು ರಾತ್ರಿ ಎಂದು ಹೇಳಿದ್ದೇನೆ, ಡಾಕ್ಟರುಗಳು ಪಾಳಿಯಲ್ಲಿ ನಿದ್ದೆ ಮಾಡಿದರೆಂದೂ. ಗ್ರಂಥಿಯ ತಲೆ, ಕರುಳಿನ ಒಂದು ತುಂಡು, ಪಿತ್ತಕೋಶ ಎಲ್ಲವನ್ನೂ ತೆಗೆದು, ಉಳಿದದ್ದನ್ನು ಒಂದಕ್ಕೊಂದು ಹೊಲಿದರು. ಎಚ್ಚರವಾದ ಮೇಲೆ ಅವನು ಕೇಳಿದ್ದು ಕಲ್ಲು ಎಷ್ಟು ದೊಡ್ಡದಿತ್ತು ಎಂದು. ಕಾಫಿ ಕುಟ್ಟುವ ಒರಳಿನಷ್ಟು ಎಂದೆ. ತೋರಿಸು ಎಂದ. ಡಾಕ್ಟರು ಕಾಲೇಜಿನ ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದಾರೆ ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಮಗ್ಗುಲಾದ.

ಆಮೇಲೆ ಆರು ತಿಂಗಳು ನರಕ್ಕೆ ಹನಿ ಹನಿಯಾಗಿ ಔಷಧಿ. ಅದಕ್ಕೆ ಶಕ್ತಿಯ ನೀರು ಎಂದು ಹೆಸರಿಟ್ಟೆವು. ಆ ಶಕ್ತಿಯ ನೀರು ಅವನ ಬೆರಳ ತುದಿಗಳನ್ನು ಸಾಯಿಸಿತು. ತಣ್ಣನೆಯ ಲೋಟ ಮುಟ್ಟಿದರೆ ಮುಳ್ಳು ಚುಚ್ಚಿದಂತೆ. ಸೂಜಿ ಚುಚ್ಚಿದರೆ ಏನೂ ಇಲ್ಲ. ಹೊಲಿಗೆ ನಿಂತಿತು. ಆದರೆ ಸ್ಕ್ಯಾನ್ ಚೊಕ್ಕಟವಾಗಿ ಬಂತು. ರೋಗ ಕಾಣಿಸುತ್ತಿಲ್ಲ ಎಂದರು.

ರೋಗ ಹೋದರೂ ಅವನು ಕರಗುತ್ತಲೇ ಇದ್ದ. ಉಂಡದ್ದು ಉಂಡ ಹಾಗೇ, ಎಣ್ಣೆ ತೇಲುತ್ತ, ಹೊರಗೆ ಹೋಗುತ್ತಿತ್ತು. ಉಳಿದ ತುಂಡು ಗ್ರಂಥಿಯಲ್ಲಿ ಅನ್ನ ಕರಗಿಸುವ ರಸ ಸಾಲುತ್ತಿಲ್ಲ ಎಂದು ಡಾಕ್ಟರು ಕ್ಯಾಪ್ಸೂಲ್ ಬರೆದುಕೊಟ್ಟರು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ, ಪ್ರತಿ ಊಟದ ಮೊದಲ ತುತ್ತಿಗೆ ಒಂದು ಕ್ಯಾಪ್ಸೂಲ್, ಬದುಕಿರುವವರೆಗೂ. ಅದಿಲ್ಲದಿದ್ದರೆ ತುಂಬಿದ ತಟ್ಟೆಯ ಮುಂದೆಯೇ ಹಸಿವಿನಿಂದ ಸಾಯುತ್ತಾರೆ ಎಂದರು. ಮೂರು ವಾರಕ್ಕೆ ಅವನ ಕೆನ್ನೆ ತುಂಬಿಕೊಂಡಿತು. ಆಗ ಅವನು ಎಂಟೊಟೊ ಗುಡ್ಡವನ್ನು ಎತ್ತಿ ಆಚೆ ಇಡುವ ಹಾಗಿದ್ದ.

ಇಲ್ಲಿ ನನ್ನ ಬಾಯಿ ಬರುತ್ತದೆ.

ಒಂದು ದಿನ ರೆದಿಯೆತ್ ಪಿಯಾಸಾ ಪೇಟೆಯ ಔಷಧಿ ಅಂಗಡಿಯಿಂದ ಹೊಸ ಡಬ್ಬಿ ತರಲು ನನ್ನನ್ನು ಕಳಿಸಿದಳು. ಅಂಗಡಿಯ ಹೆಂಗಸು ಡಬ್ಬಿ ಕೊಡುತ್ತ, ರೋಗಿಗೆ ಇದು ಯಾವುದರಿಂದ ಮಾಡಿದ್ದೆಂದು ಗೊತ್ತೇ ಎಂದು ಕೇಳಿದಳು. ಹಂದಿಯ ಗ್ರಂಥಿಯ ರಸದಿಂದಂತೆ. ನಾವು ಕ್ರೈಸ್ತರೇ, ಆದರೂ ನಮ್ಮ ಸಭೆಯವರಿಗೆ ಹಂದಿ ಆಗದು. ಅದನ್ನು ತಿನ್ನುವುದಿರಲಿ, ಅದರ ಹೆಸರು ಹೇಳಿದರೂ ನಮ್ಮ ಮುದುಕಿಯರು ಬಾಯಿ ತೊಳೆದುಕೊಳ್ಳುತ್ತಾರೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಉಪವಾಸ ಹಿಡಿಯುವ ಮೆಕುರಿಯಾನಿಗಂತೂ ಹೇಳುವ ಹಾಗೇ ಇಲ್ಲ. ರೆದಿಯೆತ್‌ಗೆ ಹೇಳಿದೆ. ತನಗೆ ಮೊದಲಿನಿಂದ ಗೊತ್ತು, ಅಪ್ಪನ ಕಿವಿಗೆ ಮಾತ್ರ ಬೀಳಬಾರದು ಎಂದಳು. ಆಗಲಿ ಎಂದೆ. ಆ ಗುಟ್ಟನ್ನು ಒಂದು ಇಡೀ ದಿನ ಇಟ್ಟುಕೊಂಡೆ. ನನ್ನ ಜೀವಮಾನದಲ್ಲೇ ಅದು ದಾಖಲೆ.

ಮಾರನೆಯ ದಿನ ಜೇನುಹೆಂಡದ ಅಂಗಡಿಯಲ್ಲಿ ಮೂರನೆಯ ಲೋಟಕ್ಕೆ ಹೇಳಿಬಿಟ್ಟೆ. ಹೇಳುವಾಗ ಬರೀ ರಸ ಎಂದರೆ ಸಪ್ಪೆ ಎನಿಸಿತು. ಒಂದೊಂದು ಕ್ಯಾಪ್ಸೂಲಿಗೆ ಒಂದೊಂದು ಇಡೀ ಹಂದಿಯನ್ನು ಒಣಗಿಸಿ ಅರೆಯುತ್ತಾರೆ ಎಂದೆ. ಬಾಲಕ್ಕೇ ಬೇರೆ ಯಂತ್ರ ಎಂದೆ. ಮಾತು ಓಣಿ ಹತ್ತುವಷ್ಟರಲ್ಲಿ ಅದು ಹಂದಿಯ ಹಿಂಡೇ ಆಗಿತ್ತು. ಪಕ್ಕದ ಮನೆಯ ಮಾಮಿತೆ ಬೇಳೆಸಾರು ಕೊಡುವ ನೆಪದಲ್ಲಿ ಹೋಗಿ, ಅಯ್ಯೋ ಪಾಪ, ಇಂಥದ್ದನ್ನೂ ನುಂಗಬೇಕಾಯಿತಲ್ಲ ಎಂದು ಮೆಕುರಿಯಾನ ಮುಂದೆಯೇ ಮರುಗಿ ಬಂದಳು.

ಅವನು ಜಗಳವಾಡಲಿಲ್ಲ. ಡಬ್ಬಿಯನ್ನು ಅಟ್ಟಣಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟ, ಅಷ್ಟೆ. ಐವತ್ತೆಂಟು ವರ್ಷ ಈ ಬಾಯಿಗೆ ಸೋಕದ್ದು ಇನ್ನು ಸೋಕುವುದು ಬೇಡ ಎಂದನಂತೆ. ಅದು ಊಟವಲ್ಲ, ಔಷಧಿ ಎಂದು ಮಗಳು ವಾದಿಸಿದಳು. ಅಸ್ಕಾಲೆ ಅತ್ತಳು. ಅವನು ಪಾಪನಿವೇದನೆಗೂ ಹೋಗಲಿಲ್ಲ. ತಿಂದಾಗಿದೆ, ಯಾವ ಮುಖ ಹೊತ್ತು ಹೋಗಲಿ ಎಂದ. ಮತ್ತೆ ಎಣ್ಣೆ ತೇಲತೊಡಗಿತು. ಬೆಲ್ಟಿಗೆ ಒಂದು ಹೊಸ ತೂತು, ಇನ್ನೊಂದು, ಮತ್ತೊಂದು. ನಲವತ್ತು ದಿನದ ಹೊತ್ತಿಗೆ, ಒಳಗೆ ಅವನಿದ್ದರೂ ಅವನ ಕೋಟು ಮೊಳೆಗೆ ನೇತುಹಾಕಿದಂತೆ ಕಾಣುತ್ತಿತ್ತು. ಈ ಮಾತಿಗೆ ನಾನು ಏನನ್ನೂ ಸೇರಿಸಿಲ್ಲ.

ಒಂದು ಸಂಜೆ ರೆದಿಯೆತ್ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

“ಗಾಶೆ ಅದ್ಮಾಸು, ಕ್ಯಾನ್ಸರ್ ನಮ್ಮಪ್ಪನ್ನ ಬಿಟ್ಟು ಹೋಯ್ತು,” ಎಂದಳು. “ಈಗ ಸಾಯಿಸ್ತಿರೋದು ನಿಮ್ಮ ಬಾಯಿ.”

ಗಾಶೆ ಎಂದು ನನ್ನನ್ನು ಹಿರಿಯಣ್ಣನ ಹಾಗೆ ಕರೆಯುತ್ತಲೇ ಹೀಗೆಂದಳು. ಇನ್ನು ಎಷ್ಟು ದಿನ ಎಂದಷ್ಟೇ ಕೇಳಿದೆ. ಹೀಗೇ ಹೋದರೆ ಮುಂದೆ ಬರುವ ಉಪವಾಸದ ತಿಂಗಳು ದಾಟುವುದಿಲ್ಲ ಎಂದಳು.

ಮರುದಿನ ನಾನು ಅಬ್ಬಾ ಹಬ್ತೆಯವರ ಬಳಿಗೆ ಹೋದೆ. ಅವರು ಪಾದ್ರಿ, ಮೆಕುರಿಯಾನ ಮನೆತನದ ಆತ್ಮಪಿತ. ಆ ಮನೆಯವರ ಪಾಪಗಳನ್ನು ಮೂವತ್ತು ವರ್ಷ ಕೇಳಿದವರು. ನನ್ನ ಪಾಪವನ್ನೂ ಅಲ್ಲೇ ಒಪ್ಪಿಸಿದೆ. ಪೂರ್ತಿ ಹೇಳಿದ ಮೇಲೆ, ಇದರಲ್ಲಿ ನಿಜ ಎಷ್ಟು ಎಂದು ಕೇಳಿದರು. ಇದರಲ್ಲಿ ಎಲ್ಲವೂ ಎಂದೆ. ಅವರು ಗಡ್ಡ ನೀವಿಕೊಂಡು, ಹಟ ಹಿಡಿದವರ ಮನೆಗೆ ಹಿರಿಯರು ಹೋಗಿ ಕೂರುವ ಪದ್ಧತಿ ಇದೆಯಲ್ಲ, ನಾವೂ ಹೋಗೋಣ, ಬಲ್ಚಾನನ್ನೂ ಕರಿ ಎಂದರು. ಬುಧವಾರ, ಶುಕ್ರವಾರದ ಹಾಗೆ ಮಂಗಳವಾರ ಉಪವಾಸವಿಲ್ಲ, ಅಬ್ಬಾ ಅವರಿಗೆ ಅಂದು ಪೂಜೆಯ ಸರದಿಯೂ ಇರಲಿಲ್ಲ. ರೆದಿಯೆತ್‌ಗೆ ಬೆಳಗಿನ ಪಾಳಿ, ಅವಳು ಹೊರಡುವುದರೊಳಗೆ ಮುಗಿಯಬೇಕು. ಹಾಗಾಗಿ ನಸುಕಿಗೇ ಎಂದು ಗೊತ್ತು ಮಾಡಿದೆ. ನಸುಕಿನ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಆ ಬೆಳಗ್ಗೆ ಗುಡ್ಡದಿಂದ ಮಂಜು ಇಳಿದಿತ್ತು. ಕೈಶಿಲುಬೆ ಹಿಡಿದ ಅಬ್ಬಾ, ಊರುಗೋಲಿನ ಬಲ್ಚಾ, ಹಿಂದೆ ನಾನು. ನನ್ನ ಹೆಗಲಲ್ಲಿ ತುತ್ತೂರಿ. ಅದನ್ನು ಬಿಟ್ಟು ನಾನು ನಸುಕಿನಲ್ಲಿ ಮನೆ ದಾಟಿದವನಲ್ಲ. ಚಪ್ಪಲಿ ಮರೆಯಬಹುದು, ಅದನ್ನು ಮರೆಯುವುದಿಲ್ಲ. ಮೆಕುರಿಯಾನ ಗೇಟು ತಳ್ಳುವಾಗ ಪಕ್ಕದ ತಗಡಿನ ಬಾಗಿಲು ಸರಿಯಿತು. ಮಾಮಿತೆ ಕಸ ಚೆಲ್ಲಲು ಬಂದಿದ್ದಳು. ಅಬ್ಬಾರನ್ನು ನೋಡಿದಳು, ಬಲ್ಚಾರನ್ನು ನೋಡಿದಳು, ತುತ್ತೂರಿಯನ್ನು ನೋಡಿದಳು. ಬಕೆಟ್ಟು ಕೆಳಗಿಟ್ಟು ಒಳಗೆ ಹೋದಳು. ಚಳಿಗೆ ಹೋದಳೆಂದುಕೊಂಡೆ.

ಒಳಗೆ ಮೆಕುರಿಯಾ ದಪ್ಪ ಹತ್ತಿಯ ಹೊದಿಕೆ ಸುತ್ತಿಕೊಂಡು ಹಾಸಿಗೆಯ ಮೇಲೆ ಕೂತಿದ್ದ. ಒಬ್ಬರ ಹಿಂದೆ ಒಬ್ಬರು ಮೂವರು ಒಳಬಂದದ್ದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

“ಯಾರು ಹೋದ್ರು, ಅಬ್ಬಾ?” ಎಂದ. “ದೆಸ್ಸಿಯೆ ಊರಲ್ಲಿರೋ ನನ್ ತಮ್ಮನಾ?”

ಯಾರೂ ಹೋಗಿಲ್ಲ, ಕೂತುಕೊ ಎಂದರು ಅಬ್ಬಾ. ಅವನು ನಂಬಲಿಲ್ಲ. ಅಷ್ಟರಲ್ಲಿ ಹೊರಗೆ ಒಂದು ದನಿ ಎತ್ತರಿಸಿ ಅತ್ತಿತು. ಇನ್ನೊಂದು ಸೇರಿತು. ಆಮೇಲೆ ಇಡೀ ಓಣಿ.

“ಯಾರೂ ಹೋಗಿಲ್ಲ ಅಂದ್ರೆ, ಹೊರಗೆ ಅಳ್ತಿರೋದು ಯಾರಿಗೆ?”

ನಾನು ಕಿಟಕಿಯಿಂದ ನೋಡಿದೆ. ಹೆಂಗಸರು ತಮ್ಮ ಬಿಳಿ ನೆತೆಲಾ ಸೆರಗುಗಳ ಬಣ್ಣದ ಅಂಚನ್ನು ಕತ್ತಿನ ಸುತ್ತ ತಂದುಕೊಂಡಿದ್ದರು. ಸಾವಿನ ಮನೆಗೆ ಹೋಗುವಾಗ ಹಾಗೆ ಉಡುತ್ತಾರೆ. ಬೆಂಚುಗಳು ಬರುತ್ತಿದ್ದವು. ಹಂಡೆ ಬರುತ್ತಿತ್ತು. ಬಲ್ಚಾರ ಬಳಿಯಿದ್ದ ಬೀಗದ ಕೈಗೆ ಕಾಯದೆ ಉಗ್ರಾಣದ ಬೀಗ ಒಡೆದು ಡೇರೆಯನ್ನೂ ತಂದು ಎತ್ತುತ್ತಿದ್ದರು. ನಾನು ಊದದೆಯೇ ಶಿರೋ ಮೆದಾದಲ್ಲಿ ಜನ ಸೇರಿದ್ದು ಅದೇ ಮೊದಲು. ಸತ್ಯ ಹೇಳಬೇಕೆಂದರೆ ನನಗೆ ಸ್ವಲ್ಪ ಅವಮಾನವಾಯಿತು.

“ನಿನಗೆ,” ಎಂದೆ.

ವಾರದಿಂದ ಹಾಸಿಗೆ ಬಿಟ್ಟು ಏಳದ ಮನುಷ್ಯ ಎದ್ದ. ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತ. ಅಳು ಅರ್ಧಕ್ಕೆ ತುಂಡಾಯಿತು. ಹನ್ನೊಂದು ಹೆಂಗಸರು ಮೂರ್ಛೆ ಹೋದರು; ಒಬ್ಬಳೇ ಎಂದು ಬಲ್ಚಾ ಹೇಳುತ್ತಿದ್ದರು, ಅದೂ ಮಾಮಿತೆ, ಅದೂ ಕೂತಲ್ಲೇ. ಮೆಕುರಿಯಾ ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಡೇರೆಯ ಮೇಲಿತ್ತು.

“ಯಾವನೋ ಅದನ್ನ ಕಟ್ಟಿದ್ದು? ಒಳಮೈ ಹೊರಗೆ ಮಾಡಿದೀರಲ್ಲೋ. ಮಳೆ ಬಂದ್ರೆ ನೀರೆಲ್ಲ ಸತ್ತವನ ಮನೆಯೋರ ತಲೆ ಮೇಲೇ ಸುರಿಯುತ್ತೆ.”

ಅವನು ಡೇರೆಯವರೆಗೆ ನಡೆದು, ಅಂಚು ಹಿಡಿದು, ಬೆರಳಿನಲ್ಲಿ ಹೊಲಿಗೆ ಹುಡುಕಿದ. ಬೆರಳಿಗೆ ಏನೂ ತಿಳಿಯಲಿಲ್ಲವೇನೋ, ಕೆನ್ನೆಗೆ ಒತ್ತಿ ನೋಡಿದ. ಕಾಲು ಸೋತು ಹತ್ತಿರದ ಬೆಂಚಿನ ಮೇಲೆ ಕೂತ. ಅದು ಸತ್ತವರ ಮನೆಯವರು ಕೂರುವ ಮುಂದಿನ ಬೆಂಚು. ಬಂದವರಿಗೆ ಅಳಬೇಕೋ ಹೋಗಬೇಕೋ ತಿಳಿಯದೆ ಅವರೂ ಕೂತರು. ಡೇರೆ ಎದ್ದ ಮೇಲೆ ಉಣ್ಣದೆ ಏಳುವಂತಿಲ್ಲ. ಸಾವಿನ ಮನೆಯ ನಿಫ್ರೋ, ಗೋಧಿ ಕಡಲೆ ಬೇಯಿಸಿದ್ದು, ಅದಾಗಲೇ ಹಂಡೆಯಲ್ಲಿ ಕುದಿಯುತ್ತಿತ್ತು. ಅಸ್ಕಾಲೆ ಒಳಗಿನಿಂದ ಇಂಜೆರಾ ರೊಟ್ಟಿ, ಕಡಲೆಹಿಟ್ಟಿನ ಬಿಸಿ ಸಾರು ತಂದು ಗಂಡನ ಮುಂದಿಟ್ಟಳು.

ಅವನಿಗೆ ಹಸಿವಿತ್ತು; ಕ್ಯಾಪ್ಸೂಲ್ ಇಲ್ಲದೆ ಉಂಡದ್ದು ಮೈಗೆ ಹತ್ತದೆಂಬುದೂ ಗೊತ್ತಿತ್ತು. ಕೈ ತಟ್ಟೆಯ ಕಡೆಗೆ ಹೋಯಿತು, ಅರ್ಧಕ್ಕೆ ನಿಂತಿತು, ಮಡಿಲಿಗೆ ಮರಳಿತು. ಆ ಕೈ ಮರಳಿದ್ದನ್ನು ಇಡೀ ಡೇರೆ ನೋಡಿತು.

ನಾನು ಎದ್ದು ನಿಂತೆ. ತುತ್ತೂರಿ ಊದಲಿಲ್ಲ. ಹಂದಿಯ ಮಾತು ಹುಟ್ಟಿಸಿದವನು ನಾನು ಎಂದೆ. ಆ ಡಬ್ಬಿಯಲ್ಲಿ ಹಂದಿ ಇಲ್ಲ, ಹಿಂಡಿಲ್ಲ, ಬಾಲದ ಯಂತ್ರವಿಲ್ಲ; ಒಂದೊಂದರಲ್ಲಿ ಗ್ರಂಥಿಯ ರಸದ ಒಂದು ಚಿಟಿಕೆ ಪುಡಿ ಇದೆ, ಉಳಿದದ್ದು ನಾನು ಸೇರಿಸಿದ್ದು ಎಂದೆ. ನನ್ನ ಬದುಕಿನ ಅತಿ ಚಿಕ್ಕ ಸಾರುವಿಕೆ ಅದು. ಹಿಂದಿನ ಸಾಲಿನವರಿಗೆ ಕೇಳಿಸಲೂ ಇಲ್ಲವಂತೆ.

ಚಿಟಿಕೆ ಆದರೂ ಅದು ಅದೇ ತಾನೇ ಎಂದ ಮೆಕುರಿಯಾ, ಬಹಳ ಮೆಲ್ಲಗೆ. ಆಮೇಲೆ ಅಬ್ಬಾರ ಕಡೆ ತಿರುಗಿದ.

“ಅವರು ತೆಗ್ದಿದ್ದು ಕಲ್ಲಲ್ಲ, ಅಬ್ಬಾ. ಕಲ್ಲಿಗೆ ಯಾರೂ ಅಷ್ಟು ದಿನ ಕದ್ದು ಕದ್ದು ಅಳಲ್ಲ. ಯಾರಾದ್ರೂ ಹೇಳ್ತಾರೆ ಅಂತ ಕಾಯ್ತಾನೇ ಇದೀನಿ. ಕಲ್ಲು ಅಂದೋರ ಕೈಯಿಂದ ಔಷಧಿ ಅಂತ ಇದನ್ನೂ ತಗೊಂಡೆ. ಇನ್ನು ಯಾವ ಮಾತು ನಂಬ್ಲಿ ಹೇಳಿ.”

ಅಸ್ಕಾಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಬ್ಬಾ ಸುತ್ತ ನೋಡಿದರು. ನಸುಕು, ಹಿರಿಯರು, ನೆರೆದ ಓಣಿ, ಮೇಲೆ ಡೇರೆ. ಸುದ್ದಿ ಹೇಳಲು ಏನೇನು ಬೇಕೋ ಎಲ್ಲವೂ ಅಲ್ಲಿತ್ತು.

“ಕ್ಯಾನ್ಸರ್ ಆಗಿತ್ತು ಮಗನೇ,” ಎಂದರು. “ತೆಗೆದಿದಾರೆ. ಸದ್ಯಕ್ಕೆ ಕಾಣ್ತಿಲ್ಲ. ಮುಂದೆ ಬರಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಆದ್ರೆ ಇವತ್ತು ನೀನು ಅದರಿಂದ ಸಾಯ್ತಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಮೆಕುರಿಯಾ ಮಗಳನ್ನು ನೋಡಿದ. ಅವಳು ತಲೆಯಾಡಿಸಿದಳು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎಂಟೊಟೊವರೆಗೆ ಕೇಳಿಸಿರಬೇಕು.

ಅಬ್ಬಾ ಆ ಡಬ್ಬಿ ತರಿಸಿದರು. ಒಂದು ಕ್ಯಾಪ್ಸೂಲ್ ತೆಗೆದು, ಎಲ್ಲರೂ ನೋಡುತ್ತಿರುವಂತೆ ತಮ್ಮ ನಾಲಿಗೆಯ ಮೇಲಿಟ್ಟುಕೊಂಡು ನೀರು ಕುಡಿದರು. ಡೇರೆಯಲ್ಲಿ ಗಾಳಿ ಬೀಸಿದಂಥ ಸದ್ದಾಯಿತು. ಮಾಮಿತೆ ಎರಡನೆಯ ಸಲ ಮೂರ್ಛೆ ಹೋಗಲು ನೋಡಿದಳು, ಯಾರೂ ಗಮನಿಸಲಿಲ್ಲ.

“ಪಾಪ ಇದ್ರೆ ನಿನ್ನ ಪಾಲು ನನ್ನ ಲೆಕ್ಕಕ್ಕೆ ಬರ್ಲಿ,” ಎಂದರು. “ಬಾಯಿ ತೆಗಿ.”

ಇನ್ನೊಂದನ್ನು ಅವನ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದರು. ಇಂಜೆರಾ ಮುರಿದು, ಸಾರಿಗೆ ಅದ್ದಿ, ಸುರುಳಿ ಸುತ್ತಿ ಅವನ ಬಾಯಿಯ ಹತ್ತಿರ ಹಿಡಿದರು. ನಮ್ಮಲ್ಲಿ ಕೈತುತ್ತು, ಗುರ್ಷಾ, ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ನನ್ನ ಮದುವೆಯಲ್ಲಿ ಅತ್ತೆ ಕೊಟ್ಟ ಗುರ್ಷಾದಿಂದ ನನ್ನ ದವಡೆ ಮೂರು ದಿನ ಕೂಡಿರಲಿಲ್ಲ. ಅಬ್ಬಾ ಹಿಡಿದದ್ದು ಕಡಲೆಕಾಳಿನಷ್ಟು. ಅಷ್ಟು ಚಿಕ್ಕ ಗುರ್ಷಾ ನಾನು ನೋಡಿಲ್ಲ. ಆದರೂ ಹಿರಿಯರ ಕೈಯ ಗುರ್ಷಾವನ್ನು ಬೇಡವೆನ್ನಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಅವನು ತೆಗೆದುಕೊಂಡ. ಅಗಿದ. ನುಂಗಿದ. ಒಂದಕ್ಕೇ ನಿಲ್ಲಿಸಬಾರದೆಂದು ಎರಡನೆಯದನ್ನು ಅಸ್ಕಾಲೆ ಕೊಟ್ಟಳು, ಮೂರನೆಯದನ್ನು ಮಗಳು. ಇಡೀ ಓಣಿ ಸಾಲುಗಟ್ಟಲು ಎದ್ದಿತು. ರೆದಿಯೆತ್ ಅಡ್ಡ ನಿಂತು, ಇಷ್ಟು ಸಾಕು, ಪ್ರೀತಿ ಇದ್ದವರು ಮೂರು ಗಂಟೆ ಬಿಟ್ಟು ಬನ್ನಿ ಎಂದು ಆಸ್ಪತ್ರೆಗೆ ಹೊರಟಳು. ಉಳಿದವರು ನಿಫ್ರೋ ತಿಂದು, ಡೇರೆ ಬಿಚ್ಚಿ, ಮೆಕುರಿಯಾ ಬೈಯುತ್ತಿರಲು, ಸರಿಯಾಗಿ ಕಟ್ಟಿ ತೋರಿಸಿ ಮತ್ತೆ ಬಿಚ್ಚಿದರು.

ಆಮೇಲೆ ಅಬ್ಬಾ ತಮಗೆ ತಾವೇ ಏಳು ದಿನದ ಉಪವಾಸ ವಿಧಿಸಿಕೊಂಡರೆಂದು ಕೇಳಿದೆ. ಅವರು ಅದನ್ನು ಯಾರಿಗೂ ಹೇಳಲಿಲ್ಲ, ಹಾಗಾಗಿ ನಾನೂ ಹೇಳುತ್ತಿಲ್ಲ.

ಇದಾಗಿ ಆರು ವರ್ಷ. ಮೆಕುರಿಯಾ ದಪ್ಪಗಾಗಲಿಲ್ಲ. ಸಕ್ಕರೆ ಕಾಯಿಲೆ ಬಂದಿದೆ. ಬೆರಳು ಚುಚ್ಚಿ ರಕ್ತ ನೋಡುತ್ತಾನೆ, ನೋಯುವುದಿಲ್ಲ ಎಂಬುದೊಂದು ಅನುಕೂಲ. ದಿನಕ್ಕೆ ಆರು ಊಟ. ಮದುವೆಮನೆಯಲ್ಲಿ ಕೂತಾಗ ಕೋಟಿನ ಜೇಬಿನಿಂದ ಡಬ್ಬಿ ತೆಗೆದು ತಟ್ಟೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಸ್ಕ್ಯಾನ್. ಡಾಕ್ಟರು ಪ್ರತಿ ಸಲವೂ ಸದ್ಯಕ್ಕೆ ಇಲ್ಲ ಎನ್ನುತ್ತಾರೆ. ಆ ಸದ್ಯಕ್ಕೆ ಎಂಬ ಪದವನ್ನು ಅವನು ಮನೆಗೆ ತಂದು ಹೆಂಡತಿಗೆ ಹಾಗೇ ಒಪ್ಪಿಸುತ್ತಾನೆ, ಒಂದಿಷ್ಟೂ ಕಡಿಮೆ ಮಾಡದೆ. ಆ ಮನೆಯಲ್ಲಿ ಈಗ ಕಲ್ಲು ಎಂದರೆ ಕಲ್ಲೇ.

ಡೇರೆಯ ಹೊರಮೈಗೆ ಕೆಂಪು ದಾರದ ಒಂದು ದಪ್ಪ ಸಾಲು ಹೊಲಿಸಿದ್ದಾನೆ, ಇನ್ನು ಯಾರೂ ತಿರುವುಮುರುವು ಮಾಡದಿರಲಿ ಎಂದು. ಸೂಜಿ ಹಿಡಿದವಳು ಮಾಮಿತೆ, ಪಕ್ಕದಲ್ಲಿ ಕೂತು ಬೈದವನು ಅವನು. ಆ ಬೆಳಗ್ಗೆ ಅವನಿಗಾಗಿ ಅತ್ತವರಲ್ಲಿ ಕೆಲವರನ್ನು ನಾನೇ ಸಾರಿ ಬಂದಿದ್ದೇನೆ. ಹೋದ ವರ್ಷ ಬಲ್ಚಾರನ್ನು, ಈ ವರ್ಷ ಅಬ್ಬಾ ಹಬ್ತೆಯವರನ್ನು. ಅಬ್ಬಾರ ಡೇರೆಯಲ್ಲಿ ಮೆಕುರಿಯಾ ಮುಂದಿನ ಬೆಂಚಿನಲ್ಲೇ ಕೂತಿದ್ದ. ಒಂದು ಕ್ಯಾಪ್ಸೂಲ್ ನುಂಗಿ ಒಂದು ಹಿಡಿ ನಿಫ್ರೋ ತಿಂದ.

ಅಂದು ನಾವಿಬ್ಬರೂ ಜೊತೆಗೆ ಮನೆಯ ಕಡೆ ನಡೆಯುತ್ತಿದ್ದಾಗ ಅವನು ನನ್ನ ತುತ್ತೂರಿ ಮುಟ್ಟಿ ನೋಡಿದ.

“ನನ್ ಸರದಿ ಬಂದಾಗ ನನ್ ಹೆಸರು, ನಮ್ಮಪ್ಪನ ಹೆಸರು,” ಎಂದ. “ಅಷ್ಟೇ ಸಾರ್ಬೇಕು ನೀನು. ಒಂದಕ್ಷರ ಸೇರಿಸ್ಬೇಡ.”

ಆಗಲಿ ಎಂದೆ. ಎಂಟೊಟೊ ದಾರಿಯಲ್ಲಿ ಒಬ್ಬನೇ ನಿಂತು ಅಭ್ಯಾಸವನ್ನೂ ಮಾಡಿ ನೋಡಿದ್ದೇನೆ. ಎರಡೇ ಎರಡು ಹೆಸರು. ಎದೆತುಂಬ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದೇ ಹೋಗುತ್ತದೆ. ನಾಲ್ಕು ಸಾವಿರ ಸಾರಿದವನ ಅಂತಸ್ತಿಗೆ ಅದು ತಕ್ಕ ಕೆಲಸವಲ್ಲ. ಹಾಗಾಗಿ ನನಗೇನೂ ಅವಸರವಿಲ್ಲ.